ಪಾಲೆ ಮರ ಗುರುತಿಸಲು ಒಂದು ವರ್ಷ ಬೇಕಾಯಿತು

ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು. ಆ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರೂ ಖಾಲಿ ಹೊಟ್ಟೆಗೆ ಪಾಲೆ ಕೆತ್ತೆಯ, ಅಂದರೆ ಪಾಲೆ ಮರದ ತೊಗಟೆಯ, ಕಷಾಯ ಕುಡಿಯುತ್ತೇವೆ. ಅಪ್ಪ ಇರುವವರೆಗೆ ಆ ಕೆತ್ತೆ ಎಲ್ಲಿಂದ ಬರುತ್ತದೆ ಎಂದು ನಾನು ಯೋಚಿಸಿದ್ದೇ ಇಲ್ಲ. ಬೆಳಕು ಹರಿಯುವ ಮೊದಲೇ ಕೈಯಲ್ಲೊಂದು ಕಲ್ಲು ಹಿಡಿದು ಹೋಗುತ್ತಿದ್ದರು. ಈ ಮರಕ್ಕೆ ಅಂದು ಕತ್ತಿ ತಾಗಿಸಬಾರದು ಎಂಬುದು ರೂಢಿ. ಕಲ್ಲಿನಲ್ಲೇ ಜಜ್ಜಿ ತೊಗಟೆ ತೆಗೆಯಬೇಕು. ಅಮ್ಮ ಅದಕ್ಕೆ ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು ರಸ ಹಿಂಡುತ್ತಿದ್ದರು. ಕೆಂಡದಲ್ಲಿ ಕೆಂಪಾದ ಬೆಣಚುಕಲ್ಲನ್ನು ಅದರೊಳಗೆ ಬಿಟ್ಟಾಗ ಚುಂಯ್ ಎನ್ನುವ ಸದ್ದು. ನಾವು ಮಕ್ಕಳು ಏಳುತ್ತಿದ್ದದ್ದೇ ಆ ಸದ್ದಿಗೆ. ಕಹಿ ಕುಡಿದ ಮೇಲೆ ಮೆಂತೆ ಗಂಜಿ.

ಅಪ್ಪ ತೀರಿಕೊಂಡ ಮೇಲಿನ ಮೊದಲ ಆಟಿಯಲ್ಲಿ ಆ ಕೆಲಸ ನನ್ನ ಮೇಲೆ ಬಿತ್ತು. ಹಿಂದಿನ ದಿನ ಸಂಜೆಯೇ ಮರ ನೋಡಿಡೋಣ ಎಂದು ಮನೆ ಹಿಂದಿನ ಗುಡ್ಡೆಗೆ ಹೋದೆ. ಬೂದು ತೊಗಟೆ, ಹೊಳೆಯುವ ಎಲೆ. ಇದೇ ಎಂದುಕೊಂಡು ಗುರುತಿಗೆ ಬಟ್ಟೆ ಕಟ್ಟುತ್ತಿದ್ದೆ. ದರಗು (ಒಣ ಎಲೆ) ಗುಡಿಸಲು ಬಂದಿದ್ದ ಪಕ್ಕದ ಮನೆಯ ಅಜ್ಜಿ ನಿಂತು ನೋಡಿದರು. "ಅವು ಪಾಲೆ ಅತ್ತ್ ಮಗಾ, ಕಾಯರ್" ಎಂದರು. ಅದು ಪಾಲೆ ಅಲ್ಲ, ಕಾಯರ್ ಎಂದು.

ಕಾಯರ್ ಎಂದರೆ ಕಾಸರಕ. ಅದರಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಬೀಜ ಮಾತ್ರ ಅಲ್ಲ, ತೊಗಟೆಯೂ ವಿಷವೇ. ಅದೂ ಕಹಿ, ಇದೂ ಕಹಿ. ನಾಲಿಗೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಕಷಾಯ ಮಾಡಲಿಲ್ಲ. ನಾನೇ ಬೇಡ ಎಂದೆ. ಮರ ಸರಿಯಾಗಿ ಕಲಿತ ಮೇಲೆಯೇ ಎಂದು ಅಮ್ಮನಿಗೆ ಹೇಳಿದೆ.

ಕಲಿಯಲು ಹೋದದ್ದು ಪಿಲಿಕುಳಕ್ಕೆ. ಮಂಗಳೂರಿನಿಂದ ಮೂಡುಬಿದಿರೆ ರಸ್ತೆಯಲ್ಲಿ ವಾಮಂಜೂರು ತಲುಪಿ, ಅಲ್ಲಿಂದ ಒಳಗೆ ಮೂಡುಶೆಡ್ಡೆಗೆ ಹೋಗಬೇಕು. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಡಾ. ಶಿವರಾಮ ಕಾರಂತರ ಹೆಸರಿನ ಈ ನಿಸರ್ಗಧಾಮಕ್ಕೆ ಜಾಸ್ತಿ ಜನ ಬರುವುದು ಪ್ರಾಣಿಗಳನ್ನು ನೋಡಲು. ನಾನೂ ಮೊದಲು ಹಾಗೇ ಬಂದು ಹೋಗಿದ್ದೆ. ಪಶ್ಚಿಮ ಘಟ್ಟದ ಮರಗಳನ್ನು ನೆಟ್ಟು ಬೆಳೆಸಿದ ಸಸ್ಯವನವೂ, ಔಷಧಿ ಗಿಡಗಳ ತೋಟವೂ ಅಲ್ಲೇ ಇವೆ. ಹೆಸರು ಗೊತ್ತಿರುವ ಮರವನ್ನು ನಿಧಾನಕ್ಕೆ ನೋಡುತ್ತಾ ನಿಲ್ಲಬಹುದಾದ ಜಾಗ. ಗುಡ್ಡೆಯಲ್ಲಿ ಅದು ಆಗುವುದಿಲ್ಲ.

ಮೊದಲ ಎರಡು ಭಾನುವಾರ ಸುಮ್ನೆ ಹಾಳಾದವು. ಎಲ್ಲ ಮರಗಳ ಹೆಸರು ಬರೆದುಕೊಂಡೆ, ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಯಾವ ಎಲೆ ಯಾವುದು ಎಂದೇ ತಿಳಿಯಲಿಲ್ಲ. ಮೂರನೇ ವಾರದಿಂದ ಐದೇ ಮರ ಎಂದು ಇಟ್ಟುಕೊಂಡೆ. ಪಾಲೆ, ಹೊನ್ನೆ, ಧೂಪ, ರಾಮಪತ್ರೆ, ಪುನರ್ಪುಳಿ. ಎರಡು ವಾರಕ್ಕೊಮ್ಮೆ ಅದೇ ಐದರ ಹತ್ತಿರ ಹೋಗುವುದು. ಕೀಳುವುದಿಲ್ಲ, ಬಿದ್ದ ಎಲೆ ಮಾತ್ರ ಮುಟ್ಟುವುದು. ಪುಸ್ತಕದಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡಿದ್ದೆ. ಎಲೆ ಕೊಂಬೆಯ ಮೇಲೆ ಹೇಗೆ ಕೂತಿದೆ? ನರ ಹೇಗೆ ಓಡುತ್ತದೆ? ಮುರಿದರೆ ಹಾಲು ಬರುತ್ತದಾ? ಜಜ್ಜಿದರೆ ವಾಸನೆ ಏನು?

ಪಾಲೆಯ ಎಲೆಗಳು ಒಂದೇ ಜಾಗದಿಂದ ಸುತ್ತಲೂ ಹೊರಡುತ್ತವೆ, ಕೊಡೆಯ ಕಡ್ಡಿಗಳ ಹಾಗೆ. ಸಾಮಾನ್ಯವಾಗಿ ನಾಲ್ಕರಿಂದ ಏಳು. ಸಪ್ತಪರ್ಣಿ ಎಂಬ ಹೆಸರು ಅದಕ್ಕೇ ಬಂದದ್ದು. ಆದರೆ ಏಳೇ ಇರಬೇಕೆಂದು ಎಣಿಸಿ ಕೂರಬೇಡಿ. ನಾನು ಎಣಿಸಿದ ಸುತ್ತುಗಳಲ್ಲಿ ಹೆಚ್ಚಿನವು ಐದು, ಆರು. ಕೊಂಬೆಗಳೂ ಹಾಗೆಯೇ ಅಂತಸ್ತು ಅಂತಸ್ತಾಗಿ ಸುತ್ತ ಹರಡುತ್ತವೆ. ಎಲೆಯ ನಡುನರದಿಂದ ಸಣ್ಣ ನರಗಳು ಒತ್ತೊತ್ತಾಗಿ, ನೇರವಾಗಿ ಅಂಚಿಗೆ ಹೋಗುತ್ತವೆ. ಎಲೆಯ ಹಿಂಬದಿ ಮಾಸಲು. ಗಾಯವಾದರೆ ಬಿಳಿ ಹಾಲು.

ಕಾಸರಕದ್ದು ಬೇರೆಯೇ ಲೆಕ್ಕ. ಎಲೆ ಎದುರುಬದುರಾಗಿ ಎರಡೆರಡು. ಬುಡದಿಂದಲೇ ಮೂರೋ ಐದೋ ದಪ್ಪ ನರಗಳು ತುದಿಯ ಕಡೆಗೆ ಬಾಗಿ ಓಡುತ್ತವೆ. ಹಾಲು ಇಲ್ಲ. ಹಣ್ಣಾದಾಗ ಕಿತ್ತಳೆ ಬಣ್ಣದ ಗುಂಡು ಕಾಯಿಗಳು. ಪಾಲೆಯ ಕಾಯಿ ತೆಳ್ಳಗೆ ಉದ್ದ, ಜೋಡಿಯಾಗಿ ಅಲಸಂಡೆಯ ಹಾಗೆ ಇಳಿಬಿದ್ದಿರುತ್ತದೆ. ಎರಡು ಮರಗಳನ್ನು ಹಗಲಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ಯಾರೂ ತಪ್ಪುವುದಿಲ್ಲ. ತಪ್ಪುವುದು ಕತ್ತಲಲ್ಲಿ, ಆಟಿಯ ಮಳೆಯಲ್ಲಿ, ಬರೀ ಬುಡ ನೋಡಿ ಹೊರಟಾಗ. ಹಾಗಾಗಿ ನಾನು ಈಗ ತಿಂಗಳ ಮೊದಲೇ ಹಗಲಿನಲ್ಲಿ ಹೋಗಿ ಎಲೆ, ನರ, ಹಾಲು ಮೂರನ್ನೂ ನೋಡಿ ಮರಕ್ಕೆ ಗುರುತು ಕಟ್ಟಿ ಬರುತ್ತೇನೆ. ಇಷ್ಟಾದರೂ ಒಂದು ಎಳೆ ಸಂಶಯ ಉಳಿದರೆ ಆ ವರ್ಷ ಕಷಾಯ ಬೇಡವೇ ಬೇಡ. ಓದಿದ್ದನ್ನು ಮಾತ್ರ ನಂಬಿ ತೊಗಟೆ ತೆಗೆಯಬೇಡಿ, ಗೊತ್ತಿದ್ದವರನ್ನು ಕರೆದುಕೊಂಡೇ ಹೋಗಿ.

ತೊಗಟೆ ತೆಗೆಯುವಾಗಲೂ ಒಂದು ಬದಿಯಲ್ಲಿ ಅಂಗೈಯಷ್ಟು ಸಾಕು. ಸುತ್ತಲೂ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿಯೇ ಕಡಿದುಹೋಗುತ್ತದೆ, ಮರ ನಿಂತಲ್ಲೇ ಸಾಯುತ್ತದೆ. ಊರಿಗೆಲ್ಲ ಒಂದೇ ಮರ ಇರುವಲ್ಲಿ ಇದನ್ನು ಯಾರಾದರೂ ಹೇಳಲೇಬೇಕು, ಅಲ್ವಾ?

ಐದು ಮರ ಕಲಿಯಲು ಹೋದವನಿಗೆ ಬೇರೆ ಮರಗಳ ಗೊಂದಲವೂ ಕರಗಿತು. ನಾಗಸಂಪಿಗೆ, ನಾಗಲಿಂಗ ಎರಡೂ ಒಂದೇ ಎಂದುಕೊಂಡಿದ್ದೆ. ನಾಗಸಂಪಿಗೆ ನಮ್ಮದೇ ಕಾಡಿನ ಮರ. ಚಿಗುರು ತಾಮ್ರದ ಬಣ್ಣ, ಹೂವಿಗೆ ನಾಲ್ಕು ಬಿಳಿ ಎಸಳು. ನಾಗಲಿಂಗ ದಕ್ಷಿಣ ಅಮೆರಿಕದಿಂದ ಬಂದದ್ದು, ಹೂವು ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಬೇಲಿಯುದ್ದಕ್ಕೂ ಕಂಬದ ಹಾಗೆ ನೆಡುವ 'ಅಶೋಕ'ವೂ ನಿಜವಾದ ಅಶೋಕ ಅಲ್ಲ. ನಿಜವಾದದ್ದು ಸೀತೆ ಅಶೋಕ, ಕಿತ್ತಳೆ ಕೆಂಪಿನ ಗೊಂಚಲು ಹೂವಿನದು.

ಪಾಲೆಯ ವೈಜ್ಞಾನಿಕ ಹೆಸರು ಆಲ್ಸ್ಟೋನಿಯಾ ಸ್ಕಾಲರಿಸ್. ಆಲ್ಸ್ಟೋನಿಯಾ ಎಂದರೆ 18ನೇ ಶತಮಾನದಲ್ಲಿ ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾ ಅಲ್ಲಿನ ಸಸ್ಯೋದ್ಯಾನ ನೋಡಿಕೊಂಡಿದ್ದ ಚಾರ್ಲ್ಸ್ ಆಲ್ಸ್ಟನ್ ಅವರ ನೆನಪು. ಸ್ಕಾಲರಿಸ್ ಎಂದರೆ ಶಾಲೆಗೆ ಸಂಬಂಧಿಸಿದ್ದು. ಇದರ ಮೆದು ಹಲಗೆಯಲ್ಲಿ ಮಕ್ಕಳ ಬರೆಯುವ ಪಾಟಿ ಮಾಡುತ್ತಿದ್ದರು. ನಾನು ಮರ ಕಲಿತದ್ದೂ ಒಂದು ಉದ್ಯಾನದಲ್ಲೇ. ಹಾಗಾಗಿ ಆ ಹೆಸರು ನನಗೆ ಮರೆಯುವುದಿಲ್ಲ.

ಮಳೆಗಾಲ ಮುಗಿದು ಚಳಿ ಬಂದಾಗ ಪಾಲೆ ಹೂಬಿಟ್ಟಿತು. ಹಸಿರು ಬಿಳುಪಿನ ಸಣ್ಣ ಹೂವು, ಸಂಜೆಯಾದ ಮೇಲೆ ತಲೆ ತಿರುಗುವಷ್ಟು ಗಾಢ ಪರಿಮಳ. ಬೇಸಿಗೆಯಲ್ಲಿ ನಮ್ಮ ರಸ್ತೆ ಬದಿಯ ಮರದ ಕೆಳಗೆ ಒಡೆಯುತ್ತಿದ್ದ ಕಾಯಿಗಳು ಸಿಕ್ಕಿದವು. ಚಪ್ಪಟೆ ಬೀಜ, ಎರಡು ತುದಿಯಲ್ಲೂ ರೇಷ್ಮೆಯಂಥ ಕೂದಲು. ಊದಿದರೆ ಹಾರುತ್ತದೆ.

ಮೊದಲ ತಟ್ಟೆಯಲ್ಲಿ ಬಿತ್ತಿದ್ದು ಬಹುಪಾಲು ಕೊಳೆತುಹೋಯಿತು. ನೀರು ಜಾಸ್ತಿ ಹಾಕಿದ್ದೆ. ಮೊಳಕೆ ಬಂದವು, ಆದರೆ ಬುಡದಲ್ಲಿ ಕಪ್ಪಾಗಿ ಮಗುಚಿ ಬಿದ್ದವು. ಎರಡನೇ ಸಲ ಅರ್ಧಕ್ಕರ್ಧ ಮರಳು ಸೇರಿಸಿದೆ. ಬೀಜದ ಮೇಲೆ ಮಣ್ಣು ಉದುರಿಸಿದ್ದು ತೆಳ್ಳಗೆ, ಕಂಡೂ ಕಾಣದಷ್ಟು. ಬೆಳಿಗ್ಗೆ ಮಾತ್ರ ಚಿಮುಕಿಸುವುದು, ಮೇಲೆ ತೆಂಗಿನ ಮಡಲಿನ ನೆರಳು. ಹನ್ನೊಂದು ಸಸಿ ನಿಂತವು.

ಆಗ ಒಂದು ದಿನ ಎದೆ ಧಸಕ್ಕೆಂದಿತು. ಸಸಿಗಳಲ್ಲಿ ಎಲೆ ಎದುರುಬದುರಾಗಿ ಎರಡೆರಡೇ ಇದ್ದವು! ಇಷ್ಟು ಕಲಿತು ಬೇರೇನೋ ಬಿತ್ತಿಬಿಟ್ಟೆನಾ ಎಂದುಕೊಂಡೆ. ಒಂದು ಎಲೆಯ ಅಂಚನ್ನು ಉಗುರಿನಿಂದ ಚಿವುಟಿದೆ. ಬಿಳಿ ಹನಿ ಬಂತು. ಎಳೆ ವಯಸ್ಸಿನಲ್ಲಿ ಪಾಲೆಯೂ ಎರಡೆರಡೇ ಎಲೆ ಬಿಡುತ್ತದೆ. ಸುತ್ತು ಬರುವುದು ಆಮೇಲೆ. ಒಂದೇ ಗುರುತು ನಂಬಬಾರದು ಎಂದು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡದ್ದು ಅವತ್ತು.

ಮುಂದಿನ ಆಟಿಯಲ್ಲಿ ಕಷಾಯ ಆಯಿತು. ಸಸಿಗಳಲ್ಲಿ ಎಂಟನ್ನು ನೆರೆಮನೆಗಳಿಗೆ ಕೊಟ್ಟೆ. ಕೊಡುವಾಗ ಮನೆಯಿಂದ ದೂರ ನೆಡಿ ಎಂದೂ ಹೇಳಿದೆ, ದೊಡ್ಡ ಮರ ಆಗುತ್ತದೆ. ಮೂರು ನಮ್ಮ ಗುಡ್ಡೆಯ ಅಂಚಿನಲ್ಲಿವೆ. ಕಾಯರ್ ಮರವನ್ನೂ ಹಾಗೇ ಉಳಿಸಿದ್ದೇವೆ, ಅದಕ್ಕೊಂದು ಹೆಸರಿನ ಹಲಗೆ ಹಾಕಿ. ಮೊನ್ನೆ ಅಜ್ಜಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಎತ್ತರದ ಸಸಿಯ ತುದಿಯಲ್ಲಿ ಮೊದಲ ಸಲ ನಾಲ್ಕು ಎಲೆಗಳು ಒಂದೇ ಸುತ್ತಿನಲ್ಲಿ ಬಿಚ್ಚಿಕೊಂಡಿದ್ದವು.