ಎಚ್‌ಐವಿ ಬಗ್ಗೆ ಕಪ್ಪು ಮಹಿಳೆಯರ ಜೊತೆ ಮಾತಾಡುವಾಗ

ನಾನು ಅಟ್ಲಾಂಟಾದಲ್ಲಿ ನರ್ಸ್. ಅಮೆರಿಕದ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕನ್ನಡದ ಡಾಕ್ಟರು, ನರ್ಸುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ದೇಶದಲ್ಲಿ ಹೊಸದಾಗಿ ಎಚ್‌ಐವಿ ಪತ್ತೆಯಾಗುವ ಹೆಂಗಸರಲ್ಲಿ ಸುಮಾರು ಅರ್ಧ ಜನ ಕಪ್ಪು ಮಹಿಳೆಯರು. ಆದರೂ ಸೋಂಕು ತಡೆಯುವ ಪ್ರೆಪ್ ಔಷಧಿಯ ಹೆಸರನ್ನೇ ಕೇಳದವರು ನನ್ನ ಮುಂದೆ ಬಂದು ಕೂರುತ್ತಾರೆ. ಅವರಿಗೆ ಯಾರೂ ಹೇಳಿಲ್ಲ.

"ನಿಮಗೆ ಎಷ್ಟು ಜನ ಸಂಗಾತಿಗಳು?" ಅಂತ ಶುರು ಮಾಡಬೇಡಿ. ಒಬ್ಬನ ಜೊತೆಗೇ ಬಾಳುತ್ತಿರುವ ಹೆಂಗಸಿಗೆ ಅದು ತನ್ನ ನಡತೆಯ ಮೇಲಿನ ಅನುಮಾನದಂತೆ ಕೇಳಿಸುತ್ತದೆ. ಅವನು ಟೆಸ್ಟ್ ಮಾಡಿಸಿಲ್ಲದಿದ್ದರೆ ಆ ಲೆಕ್ಕದಿಂದ ಏನೂ ತಿಳಿಯುವುದೂ ಇಲ್ಲ. ನಾನು ಹೀಗೆ ಹೇಳುತ್ತೇನೆ: "ಇಲ್ಲಿಗೆ ಬರುವ ಎಲ್ಲರಿಗೂ ಇದನ್ನು ತಿಳಿಸುತ್ತೇನೆ. ಎಚ್‌ಐವಿ ಬರದಂತೆ ತಡೆಯುವ ಔಷಧಿ ಇದೆ. ಬೇಕೋ ಬೇಡವೋ ನಿಮ್ಮ ನಿರ್ಧಾರ." ಎಲ್ಲರಿಗೂ ಅಂದಮೇಲೆ ನಿಜವಾಗಿಯೂ ಎಲ್ಲರಿಗೂ ಹೇಳಬೇಕು, ಅಲ್ವಾ? ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2021ರ ಮಾರ್ಗಸೂಚಿಯೂ ಲೈಂಗಿಕವಾಗಿ ಸಕ್ರಿಯರಾದ ಎಲ್ಲ ವಯಸ್ಕರಿಗೂ ಹದಿಹರೆಯದವರಿಗೂ ಪ್ರೆಪ್ ಬಗ್ಗೆ ತಿಳಿಸಿ ಅನ್ನುತ್ತದೆ.

ಆಮೇಲೆ ಆಯ್ಕೆಗಳನ್ನೆಲ್ಲ ಮುಂದಿಡಿ. ದಿನಕ್ಕೊಂದು ಮಾತ್ರೆ 2012ರಿಂದ ಇದೆ. ಯೋನಿಯ ಭಾಗದಲ್ಲಿ ಪೂರ್ತಿ ರಕ್ಷಣೆ ಸಿಗಲು ಸುಮಾರು ಮೂರು ವಾರ ಬೇಕು, ಅದನ್ನು ಬಿಡದೆ ಹೇಳಿ. ಎರಡು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗೆ 2021ರಲ್ಲಿ, ಆರು ತಿಂಗಳಿಗೊಮ್ಮೆ ಕೊಡುವ ಲೆನಾಕಪವಿರ್‌ಗೆ 2025ರಲ್ಲಿ ಒಪ್ಪಿಗೆ ಸಿಕ್ಕಿತು. ಮನೆಯಲ್ಲಿ ಮಾತ್ರೆ ಡಬ್ಬಿ ಇಡುವುದೇ ಕಷ್ಟ ಅನ್ನುವವರಿಗೆ ಇಂಜೆಕ್ಷನ್ ದೊಡ್ಡ ಸಮಾಧಾನ. ಆದರೆ ಆ ಕಷ್ಟ ಬಾಯಿಗೆ ಬರಬೇಕಾದರೆ ಸಂಗಾತಿ ಹೊರಗಿರಬೇಕು. ಹೊಡೆತ, ಬೆದರಿಕೆ ಇದೆಯೇ ಅಂತ ಆಗಲೇ ಕೇಳಿ. ಫೋನ್ ಮಾಡಬಹುದೇ, ಯಾವ ಹೊತ್ತಿಗೆ, ಅದನ್ನೂ ಕೇಳಿ ಬರೆದಿಟ್ಟುಕೊಳ್ಳಿ.

"ಇದನ್ನ ನನ್ನಂಥವರ ಮೇಲೆ ಪರೀಕ್ಷೆ ಮಾಡಿದ್ದಾರಾ?" ಅಂತ ಆಕೆ ಕೇಳಬಹುದು. ತುಂಬಾ ನ್ಯಾಯವಾದ ಪ್ರಶ್ನೆ ಇದು. ಡೆಸ್ಕೋವಿ ಅನ್ನುವ ಇನ್ನೊಂದು ಮಾತ್ರೆಗೆ 2019ರಲ್ಲಿ ಪ್ರೆಪ್ ಆಗಿ ಒಪ್ಪಿಗೆ ಸಿಕ್ಕಾಗ ಯೋನಿ ಸಂಭೋಗದಿಂದ ಬರುವ ಸೋಂಕನ್ನು ಹೊರಗಿಟ್ಟರು. ಅದರ ಪ್ರಯೋಗದಲ್ಲಿ ಇದ್ದವರು ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರು ಮಾತ್ರ. ಇದನ್ನು ಮುಚ್ಚಿಡಬೇಡಿ. ಲೆನಾಕಪವಿರ್ ಕಥೆ ಬೇರೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ ಪ್ರಯೋಗದಲ್ಲಿ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಿರಲಿಲ್ಲ. ಇದನ್ನು ಹೇಳಿದಾಗ ಎದುರಿಗಿರುವವರು ಮುಂದಿನ ಪ್ರಶ್ನೆ ಕೇಳುತ್ತಾರೆ. ನನಗೆ ಬೇಕಾಗಿರುವುದೂ ಅದೇ.

ಟಸ್ಕೀಗಿ ಹೆಸರು ಬಂದರೆ ವಾದ ಮಾಡಬೇಡಿ. ಪಕ್ಕದ ಅಲಬಾಮಾ ರಾಜ್ಯದ ಆ ಊರಲ್ಲಿ 1932ರಿಂದ 1972ರವರೆಗೆ ಸರ್ಕಾರವೇ ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಿತ್ತು. ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. "ಹೌದು, ಅದು ನಡೆದದ್ದು ನಿಜ" ಅನ್ನಿ. ಹಾಗಂತ ಎಲ್ಲ ಅಪನಂಬಿಕೆಯೂ ಅಲ್ಲಿಂದಲೇ ಬಂದದ್ದು ಅಂದುಕೊಳ್ಳಬೇಡಿ. ಹೋದ ತಿಂಗಳು ಯಾವುದೋ ಡಾಕ್ಟರು ಆಕೆಯ ನೋವನ್ನು ನಂಬದೇ ಇದ್ದದ್ದೂ ಕಾರಣ ಇರಬಹುದು. ಕೇಳಿ.

ಟೆಸ್ಟ್ ಪಾಸಿಟಿವ್ ಬಂದರೆ ವಿಷಯ ನೇರವಾಗಿ ಹೇಳಿ, ಜೊತೆಗೇ ಇದನ್ನೂ ಹೇಳಿ: ಚಿಕಿತ್ಸೆಯಿಂದ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಸಂಭೋಗದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಮಕ್ಕಳನ್ನೂ ಪಡೆಯಬಹುದು. ಕರಪತ್ರ ಕೊಟ್ಟು ಕಳಿಸಬೇಡಿ. ಅಲ್ಲೇ ಕೂತು ಚಿಕಿತ್ಸೆಯ ಅಪಾಯಿಂಟ್‌ಮೆಂಟ್ ಮಾಡಿಸಿ. ಆಕೆ ಒಪ್ಪಿದರೆ ಎಚ್‌ಐವಿ ಜೊತೆ ಬದುಕುತ್ತಿರುವ ಇನ್ನೊಬ್ಬ ಮಹಿಳೆಯ ಜೊತೆ ಮಾತಾಡಿಸಿ. ನಮ್ಮ ಊರಲ್ಲಿ ಸಿಸ್ಟರ್‌ಲವ್ ಸಂಸ್ಥೆ 1989ರಿಂದ ಇದೆ, ಕಪ್ಪು ಮಹಿಳೆಯರೇ ಕಟ್ಟಿದ್ದು. ನಿಮ್ಮ ಊರಲ್ಲಿ ಅಂಥದ್ದು ಎಲ್ಲಿದೆ ಅಂತ ಮೊದಲೇ ತಿಳಿದುಕೊಂಡಿರಿ.