ಫ್ರಿಜ್ ಕೆಟ್ಟರೆ ಮನೆ ಇನ್ಶೂರೆನ್ಸ್‌ನಿಂದ ದುಡ್ಡು ಬರುತ್ತದಾ? ಪಾಲಿಸಿ ಓದುವುದು, ಕ್ಲೇಮ್ ಹಾಕುವುದು ಹೇಗೆ

ಮನೆಗೆ ಇನ್ಶೂರೆನ್ಸ್ ಮಾಡಿಸಿದ್ದೇವೆ, ಇನ್ನು ಫ್ರಿಜ್, ವಾಷಿಂಗ್ ಮೆಷಿನ್, ಸಂಪಿನ ಮೋಟಾರ್ ಏನೇ ಕೆಟ್ಟರೂ ಕಂಪನಿ ನೋಡಿಕೊಳ್ಳುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಮಾಮೂಲಿ ಪಾಲಿಸಿಯಲ್ಲಿ ಅದು ಬರುವುದಿಲ್ಲ. ವಸ್ತು ಯಾವ ಕಾರಣಕ್ಕೆ ಕೆಟ್ಟಿತು ಅನ್ನುವುದರ ಮೇಲೆ ದುಡ್ಡು ಬರುವುದು, ಬಿಡುವುದು ನಿಂತಿದೆ. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ಯಾವ ಪಾಲಿಸಿ ತೆಗೆಯಬೇಕು, ಕೆಟ್ಟ ದಿನ ಏನು ಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲು ನಿಮ್ಮ ಹತ್ತಿರ ಇರುವ ಪಾಲಿಸಿ ಯಾವುದು ನೋಡಿ. ಹೋಮ್ ಲೋನ್ ತೆಗೆಯುವಾಗ ಬ್ಯಾಂಕಿನವರು ಸಹಿ ಹಾಕಿಸಿಕೊಂಡ "ಇನ್ಶೂರೆನ್ಸ್" ಎಷ್ಟೋ ಸಲ ಸಾಲಗಾರರ ಜೀವಕ್ಕೆ ಮಾಡಿಸಿದ್ದಾಗಿರುತ್ತದೆ, ಮನೆಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಮನೆಗೇ ಮಾಡಿಸಿದ್ದರೂ ಬರೀ ಕಟ್ಟಡಕ್ಕೆ ಇರಬಹುದು. ಪಾಲಿಸಿಯ ಜೊತೆ ಕೊಡುವ ಶೆಡ್ಯೂಲ್ ಪುಟದಲ್ಲಿ ಕಟ್ಟಡಕ್ಕೆ ಎಷ್ಟು, ಸಾಮಾನಿಗೆ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತಾರೆ. ಸಾಮಾನಿನ ಸಾಲು ಖಾಲಿ ಇದ್ದರೆ ಫೋನ್ ಮಾಡಿ ಕೇಳಿ, ಸುಮ್ನೆ ಬಿಡಬೇಡಿ.

2021ರ ಏಪ್ರಿಲ್ 1ರಿಂದ ಮನೆ ವಿಮೆಗೆ "ಭಾರತ್ ಗೃಹ ರಕ್ಷಾ" ಅಂತ ಒಂದೇ ಮಾದರಿಯ ಪಾಲಿಸಿ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಇದನ್ನು ತಂದಿದ್ದು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಹರಿಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆ ಸಾಮಾನಿಗೆ ಪಟ್ಟಿ ಕೊಡದೆಯೇ ಕವರ್ ಸಿಗುತ್ತದೆ. 40 ಲಕ್ಷಕ್ಕೆ ಕಟ್ಟಡ ವಿಮೆ ಮಾಡಿಸಿದ್ದರೆ ಸಾಮಾನಿಗೆ 8 ಲಕ್ಷ. ಬಾಡಿಗೆ ಮನೆಯಲ್ಲಿ ಇರುವವರು ಬರೀ ಸಾಮಾನಿಗೂ ತೆಗೆದುಕೊಳ್ಳಬಹುದು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಇದೇ ಪಾಲಿಸಿಯ "ಏನೇನು ಸೇರುವುದಿಲ್ಲ" ಭಾಗದಲ್ಲಿ, ಕರೆಂಟಿನ ಯಾವುದೇ ಉಪಕರಣ ಶಾರ್ಟ್ ಸರ್ಕ್ಯೂಟ್, ಜಾಸ್ತಿ ಓಡಿಸಿದ್ದು, ತಾನಾಗಿ ಬಿಸಿಯಾದದ್ದು, ಕರೆಂಟ್ ಸೋರಿಕೆ ಇಂಥ ಕಾರಣದಿಂದ ಹಾಳಾದರೆ ಆ ಉಪಕರಣಕ್ಕೆ ಪರಿಹಾರ ಇಲ್ಲ ಅಂತ ಬರೆದಿದ್ದಾರೆ. ಈ ಷರತ್ತಿನ ಕೊನೆ ಸಾಲನ್ನು ಮಾತ್ರ ಯಾರೂ ಓದುವುದಿಲ್ಲ: ಇದು ಹಾಳಾದ ಆ ಒಂದು ಉಪಕರಣಕ್ಕೆ ಮಾತ್ರ ಅನ್ವಯ. ಅಂದರೆ ಫ್ರಿಜ್ಜಿನಲ್ಲಿ ಶಾರ್ಟ್ ಆಗಿ ಬೆಂಕಿ ಹತ್ತಿತು ಅಂದುಕೊಳ್ಳಿ. ಅಡುಗೆ ಮನೆಯ ಕಪಾಟು, ಪಕ್ಕದಲ್ಲಿದ್ದ ಮಿಕ್ಸಿ, ಮಸಿ ಹಿಡಿದ ಗೋಡೆ ಇದಕ್ಕೆಲ್ಲ ಕ್ಲೇಮ್ ಇದೆ, ಫ್ರಿಜ್ಜಿಗೆ ಇಲ್ಲ. "ಶಾರ್ಟ್ ಸರ್ಕ್ಯೂಟ್ ಅಂದ್ರೆ ಏನೂ ಬರಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಿಕೊಂಡು ವಾಪಸ್ ಬರಬೇಡಿ. ಸಿಡಿಲಿನ ವಿಷಯವೂ ಹೀಗೇ. ಸಿಡಿಲಿನಿಂದ ಶಾರ್ಟ್ ಆಗಿ ಟಿವಿ ಹೋದರೆ ಅದನ್ನೂ ಈ ಷರತ್ತಿನಲ್ಲೇ ಸೇರಿಸಿದ್ದಾರೆ. ಮಳೆಗಾಲದಲ್ಲಿ ಗುಡುಗು ಶುರುವಾದಾಗ ಪ್ಲಗ್ ಕೀಳುವ ಮಲೆನಾಡಿನವರು ಇದನ್ನು ಮುಖ್ಯವಾಗಿ ನೋಡಿಕೊಳ್ಳಬೇಕು.

ಹಾಗಾದರೆ ಯಂತ್ರ ತಾನಾಗಿ ಕೆಟ್ಟರೆ ದುಡ್ಡು ಕೊಡುವ ಪಾಲಿಸಿ ಇಲ್ವಾ? ಇದೆ. "ಹೌಸ್‌ಹೋಲ್ಡರ್ಸ್" ಅನ್ನುವ ಪ್ಯಾಕೇಜ್ ಪಾಲಿಸಿಗಳಲ್ಲಿ ಬೆಂಕಿಗೆ ಒಂದು ಭಾಗ, ಕಳ್ಳತನಕ್ಕೆ ಒಂದು ಭಾಗ ಇರುವ ಹಾಗೆ "ಬ್ರೇಕ್‌ಡೌನ್ ಆಫ್ ಡೊಮೆಸ್ಟಿಕ್ ಅಪ್ಲೈಯನ್ಸಸ್" ಅಂತ ಇನ್ನೊಂದು ಭಾಗ ಇರುತ್ತದೆ. ಕೆಲವು ಕಂಪನಿಗಳು ಇದನ್ನು ಆಡ್-ಆನ್ ಅಂತ ಬೇರೆ ಕೊಡುತ್ತವೆ. ತಾನಾಗಿ ಬರುವುದಿಲ್ಲ, ಬೇಕು ಅಂತ ಕೇಳಿ ಹಾಕಿಸಬೇಕು. ಕೇಳುವಾಗ ಇಷ್ಟನ್ನು ಬಾಯಿಮಾತಿನಲ್ಲಿ ಬಿಡದೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ: ಎಷ್ಟು ವರ್ಷ ಹಳೆಯ ವಸ್ತುವರೆಗೆ ಒಪ್ಪುತ್ತೀರಿ, ಪೂರ್ತಿ ಹಾಳಾದರೆ ಹೊಸದರ ಬೆಲೆಯಾ ಅಥವಾ ಸವಕಳಿ ಕಳೆದಾ, ಪ್ರತಿ ಕ್ಲೇಮ್‌ಗೆ ನಾನು ಎಷ್ಟು ಹಾಕಬೇಕು, ಸಂಪಿನ ಮೋಟಾರ್, ಬೋರ್‌ವೆಲ್ ಮೋಟಾರ್, ಯುಪಿಎಸ್ ಇವು ಸೇರುತ್ತವಾ. ಪಟ್ಟಿಯಲ್ಲಿ ಪ್ರತಿ ವಸ್ತುವಿನ ಮಾಡೆಲ್, ಸೀರಿಯಲ್ ನಂಬರ್, ಕೊಂಡ ವರ್ಷ ಹಾಕಿಸಿ. ಓಡಿ ಓಡಿ ಸವೆದದ್ದು, ತುಕ್ಕು ಹಿಡಿದದ್ದು ಯಾವ ಪಾಲಿಸಿಯಲ್ಲೂ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಇದಕ್ಕೆ ದುಡ್ಡು ಕೊಡುವ ಮುಂಚೆ ವಾರಂಟಿ ಕಾರ್ಡ್ ತೆಗೆದು ನೋಡಿ. ಫ್ರಿಜ್, ಎಸಿಗಳಲ್ಲಿ ಇಡೀ ವಸ್ತುವಿಗೆ ಒಂದೆರಡು ವರ್ಷ, ಕಂಪ್ರೆಸರ್‌ಗೆ ಎಷ್ಟೋ ಬ್ರಾಂಡ್‌ಗಳಲ್ಲಿ 10 ವರ್ಷದವರೆಗೆ ವಾರಂಟಿ ಇರುತ್ತದೆ. ಆದರೆ ಕಂಪ್ರೆಸರ್ ಫ್ರೀ ಅಂದರೂ ಗ್ಯಾಸ್, ಕೂಲಿ, ಸಾಗಾಟ ಸಾಮಾನ್ಯವಾಗಿ ನಿಮ್ಮದೇ. ಮಿಕ್ಸಿ, ಇಸ್ತ್ರಿಪೆಟ್ಟಿಗೆಗೆಲ್ಲ ಬ್ರೇಕ್‌ಡೌನ್ ಕವರ್ ತೆಗೆಯುವುದು ನನ್ನ ಪ್ರಕಾರ ದಂಡ. ವಾರಂಟಿ ಮುಗಿದ, ಇನ್ನೂ ತುಂಬಾ ಹಳೆಯದಾಗದ ದುಬಾರಿ ವಸ್ತು ಮೂರ್ನಾಲ್ಕು ಇದ್ದರೆ ಮಾತ್ರ ಯೋಚಿಸಿ.

ನಮ್ಮ ಕಡೆ ಉಪಕರಣಗಳು ಒಟ್ಟಿಗೆ ಸಾಯುವುದು ಹೆಚ್ಚಾಗಿ ನ್ಯೂಟ್ರಲ್ ಕಟ್ ಆದಾಗ. ಮನೆಗೆ ಬರಬೇಕಾದ್ದು 230 ವೋಲ್ಟ್. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ತಂತಿ ಕಿತ್ತುಹೋದರೆ ಕೆಲವು ಮನೆಗೆ 400ರ ಹತ್ತಿರ ನುಗ್ಗಬಹುದು. ಲೈಟು ಇದ್ದಕ್ಕಿದ್ದ ಹಾಗೆ ಬೆಳ್ಳಗೆ ಉರಿಯುತ್ತದೆ, ಫ್ಯಾನ್ ಯದ್ವಾತದ್ವಾ ತಿರುಗುತ್ತದೆ, ಟಿವಿ ಹಿಂದಿನಿಂದ ಸುಟ್ಟ ವಾಸನೆ ಬರುತ್ತದೆ. ಒಂದೊಂದೇ ಸ್ವಿಚ್ ಆರಿಸುತ್ತಾ ಓಡಾಡಬೇಡಿ, ನೇರ ಮೇನ್ ಆಫ್ ಮಾಡಿ. ಆಮೇಲೆ ಕರೆಂಟ್ ಕಂಪನಿಯ ದೂರು ನಂಬರ್ 1912ಕ್ಕೆ ಫೋನ್ ಮಾಡಿ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಲೈನ್‌ಮ್ಯಾನ್ ಬಂದು ತಂತಿ ಸರಿ ಮಾಡಿ ಹೋದ ಮೇಲೆ "ಏನಾಗಿತ್ತು" ಅನ್ನುವುದಕ್ಕೆ ಸಾಕ್ಷಿ ಉಳಿಯುವುದಿಲ್ಲ, ಅದಕ್ಕೆ ಈ ಸಂಖ್ಯೆ ಬೇಕು. ಅಕ್ಕಪಕ್ಕದ ಮನೆಗಳಲ್ಲೂ ವಸ್ತು ಹೋಗಿದ್ದರೆ ಅವರೂ ದೂರು ಕೊಡಲಿ.

ಅದೇ ದಿನ ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಅವರ ಸರ್ವೇಯರ್, ಅಂದರೆ ನಷ್ಟ ಪರಿಶೀಲಿಸಲು ಬರುವವರು, ನೋಡುವವರೆಗೆ, ಅಥವಾ ಸರ್ವೇ ಬೇಡ ಅಂತ ಅವರು ಬರೆದು ಹೇಳುವವರೆಗೆ ರಿಪೇರಿ ಮಾಡಿಸಬೇಡಿ. ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಬೋರ್ಡಿನ ಫೋಟೋ ತೆಗೆಯಿರಿ. ಜಾಸ್ತಿ ವೋಲ್ಟೇಜ್ ಬಂದ ಪಿಸಿಬಿಯಲ್ಲಿ, ಅಂದರೆ ಆ ಸರ್ಕ್ಯೂಟ್ ಬೋರ್ಡಿನಲ್ಲಿ, ಕರೆಂಟ್ ಒಳಗೆ ಬರುವ ಜಾಗದ ಹತ್ತಿರ ವೇರಿಸ್ಟರ್ ಅಂತ ಗುಂಡಗಿನ ಚಪ್ಪಟೆ ಬಿಲ್ಲೆ ಇರುತ್ತದೆ, ಅದು ಹೆಚ್ಚಾಗಿ ಸೀಳಿ ಕಪ್ಪಾಗಿರುತ್ತದೆ. ಬರೀ "ಪಿಸಿಬಿ ಫಾಲ್ಟ್" ಅಂತ ಬರೆದ ಜಾಬ್ ಶೀಟ್ ತಂದರೆ ಕಂಪನಿಗೆ ಇಲ್ಲ ಅನ್ನುವುದು ಸುಲಭ. ಯಾವ ಭಾಗ ಹೋಗಿದೆ, ಯಾವ ಕಾರಣಕ್ಕೆ ಅಂತ ಬರೆದು ಸಹಿ, ಸೀಲು ಹಾಕಿಕೊಡಿ ಅಂತ ಮೆಕ್ಯಾನಿಕ್‌ಗೆ ಹೇಳಿ. ಇಲ್ಲದ ಕಾರಣ ಬರೆಸಬೇಡಿ, ಸರ್ವೇಯರ್ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ, ಆಮೇಲೆ ಬರಬೇಕಾದ್ದೂ ಬರುವುದಿಲ್ಲ. ಕಿತ್ತ ಹಳೆ ಭಾಗವನ್ನು ಗುಜರಿಗೆ ಹಾಕದೆ ಕ್ಲೇಮ್ ಮುಗಿಯುವವರೆಗೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಮನೆಯ ಡಿಬಿಯಲ್ಲಿ, ಅಂದರೆ ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ, ಎಂಸಿಬಿ, ಆರ್‌ಸಿಸಿಬಿ ಇದೆ, ಹಾಗಾಗಿ ಭಯ ಇಲ್ಲ ಅಂದುಕೊಳ್ಳಬೇಡಿ. ಎಂಸಿಬಿ ಓವರ್‌ಲೋಡ್, ಶಾರ್ಟ್‌ಗೆ ಬಿದ್ದು ಕರೆಂಟ್ ಕಟ್ ಮಾಡುತ್ತದೆ, ಆರ್‌ಸಿಸಿಬಿ ಕರೆಂಟ್ ಸೋರಿದರೆ ಬೀಳುತ್ತದೆ. ವೋಲ್ಟೇಜ್ ಏರಿದ್ದನ್ನು ಅವು ನೋಡುವುದಿಲ್ಲ. ಅದಕ್ಕೆ ಓವರ್ ವೋಲ್ಟೇಜ್ ಕಟ್-ಆಫ್ ಬೇರೆ ಹಾಕಿಸಬೇಕು. ನನ್ನನ್ನು ಕೇಳಿದರೆ ಪಾಲಿಸಿಗಿಂತ ಮೊದಲು ಇದನ್ನು ಹಾಕಿಸಿ ಅನ್ನುತ್ತೇನೆ.

ಕ್ಲೇಮ್ ತಿರಸ್ಕಾರ ಆದರೆ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಬಹುದು, ಫೋನ್ ಆದರೆ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ವಿಚಾರಿಸಿ ತೀರ್ಮಾನ ಕೊಡುವ ಅಧಿಕಾರಿ, ಅವರ ಹತ್ತಿರ ಹೋಗಿ. ಕರ್ನಾಟಕದವರಿಗೆ ಬೆಂಗಳೂರಿನಲ್ಲೇ ಕಚೇರಿ ಇದೆ. ಫೀಸು ಇಲ್ಲ, ವಕೀಲರೂ ಬೇಡ. ಕಂಪನಿ ಇಲ್ಲ ಅಂದ ಮೇಲೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಅದೇ ವಿಷಯ ಕೋರ್ಟಿನಲ್ಲಿ ಅಥವಾ ಗ್ರಾಹಕ ಆಯೋಗದಲ್ಲಿ ಇರಬಾರದು. ಅವರು ಕೊಟ್ಟ ಆದೇಶವನ್ನು ಕಂಪನಿ 30 ದಿನದಲ್ಲಿ ಪಾಲಿಸಬೇಕು.