ಟಿಬಿ ಅಂತ ಬರೆಯುವ ಮೊದಲು

ಮಿದುಳಿನ ಬುಡದ ಪೊರೆ ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲೆಂದು ರಕ್ತನಾಳಕ್ಕೆ ಕೊಡುವ ಔಷಧ) ಕೊಟ್ಟಾಗ ಬೆಳ್ಳಗೆ ಹೊಳೆದರೆ ನಮ್ಮ ಕಡೆಯ ರೇಡಿಯಾಲಜಿಸ್ಟ್‌ಗಳ ಕೈ ತಾನಾಗೇ ಟಿಬಿ ಅಂತ ಬರೆದುಬಿಡುತ್ತದೆ. ತಪ್ಪೇನಲ್ಲ, ಟಿಬಿ ಇಲ್ಲಿ ಅಷ್ಟು ಜಾಸ್ತಿ. ಆದರೆ ಒಬ್ಬ ಹೆಂಗಸಿನ ಸ್ಕ್ಯಾನ್ ನೋಡಿದ ಮೇಲೆ ನಾನು ಸ್ವಲ್ಪ ತಡೆದು ಬರೆಯುತ್ತೇನೆ.

ಅವರಿಗೆ ನಲವತ್ತರ ಆಸುಪಾಸು. ಮೊದಲು ಮುಖದ ಎಡಭಾಗ ಸೊಟ್ಟಗಾಗಿ ವಾಸಿಯಾಗಿತ್ತು, ಎರಡು ತಿಂಗಳಿಗೆ ಬಲಭಾಗ. ಜೊತೆಗೆ ಎಷ್ಟು ನೀರು ಕುಡಿದರೂ ತೀರದ ದಾಹ, ಶುಗರ್ ಮಾತ್ರ ನಾರ್ಮಲ್. ಬೇರೆ ಕಡೆ ಕಾಂಟ್ರಾಸ್ಟ್ ಇಲ್ಲದೆ ಮಾಡಿಸಿದ್ದ ಎಂಆರ್‌ಐನಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ನಾವು ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಕೊಟ್ಟು ಮತ್ತೆ ತೆಗೆದಾಗ ಮಿದುಳಿನ ಬುಡದ ಮಡಿಕೆಗಳುದ್ದಕ್ಕೂ ರಾಗಿಕಾಳು ಅಂಟಿಸಿದ ಹಾಗೆ ಬಿಳಿ ಗಂಟುಗಳು ಕಂಡವು, ಮಿದುಳಿನ ಕೆಳಗಿನ ಹಾರ್ಮೋನ್ ಗ್ರಂಥಿ ಪಿಟ್ಯುಟರಿಯ ದಂಟು, ಸಾಮಾನ್ಯವಾಗಿ 3 ಮಿಲಿಮೀಟರ್ ದಾಟದ್ದು, 6 ಆಗಿತ್ತು. ದೇಹದಲ್ಲಿ ನೀರು ಹಿಡಿದಿಡುವ ಹಾರ್ಮೋನ್ ಈ ದಂಟಿನ ಮೂಲಕವೇ ಇಳಿಯುವುದು, ದಾಹಕ್ಕೆ ಕಾರಣ ಅಲ್ಲೇ ಇತ್ತು!

ಟಿಬಿಯಲ್ಲೂ ಬುಡದ ಪೊರೆ ಹೀಗೇ ಹೊಳೆಯುತ್ತದೆ, ಹಾಗಾಗಿ ಮಿದುಳಿನ ಚಿತ್ರವೊಂದನ್ನೇ ನಂಬಿ ಕೂರಬಾರದು. ಎದೆಯ ಸಿಟಿ ಮಾಡಿಸಿ ಅಂದೆ. ಎರಡೂ ಶ್ವಾಸಕೋಶಕ್ಕೆ ಶ್ವಾಸನಾಳ ಸೇರುವ ಜಾಗದಲ್ಲಿ ಸರಿಸಮನಾಗಿ ಊದಿದ ದುಗ್ಧ ಗ್ರಂಥಿಗಳು. ಶ್ವಾಸನಾಳದೊಳಗಿಂದ ಸೂಜಿ ಹಾಕಿ ತೆಗೆದ ತುಣುಕಿನಲ್ಲಿ ಗ್ರ್ಯಾನುಲೋಮಾ, ಅಂದರೆ ಉರಿಯೂತದ ಕೋಶಗಳ ಪುಟ್ಟ ಗಂಟು, ಸಿಕ್ಕಿತು, ಟಿಬಿಯಲ್ಲಿ ಕಾಣುವ ಗಿಣ್ಣಿನಂಥ ಕೊಳೆತ ಭಾಗ ಇರಲಿಲ್ಲ, ಟಿಬಿ ಪರೀಕ್ಷೆಗಳೂ ನೆಗೆಟಿವ್. ಸಾರ್ಕಾಯ್ಡೋಸಿಸ್, ಅಂದರೆ ಅಂಗಾಂಗಗಳಲ್ಲಿ ಇಂಥ ಗಂಟುಗಳು ಮೂಡುವ ಉರಿಯೂತದ ಕಾಯಿಲೆ.

ಈಗ ಮುಖ ಸೊಟ್ಟಗಾಗುವುದು ಮರುಕಳಿಸಿದವರು ಯಾರೇ ಬರಲಿ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಶುರುವಾಗಿದೆಯಾ, ಯಾವತ್ತಿಂದ ಅಂತ ಮೊದಲು ಕೇಳುತ್ತೇನೆ, ಯಾಕಂದ್ರೆ ಸ್ಟೀರಾಯ್ಡ್ ಬಿದ್ದ ಮೇಲೆ ಆ ಬಿಳಿ ಗಂಟುಗಳು ಮಾಸಿಹೋಗಿ ನಾವು ಖಾಲಿ ಚಿತ್ರ ನೋಡುತ್ತಾ ಕೂರಬೇಕಾಗುತ್ತದೆ. ಕಾಂಟ್ರಾಸ್ಟ್ ಕೊಟ್ಟ ಮೇಲೆ ಫ್ಲೇರ್ ಎಂಬ ಬಗೆಯ ಎಂಆರ್‌ಐ ಚಿತ್ರ ಕೂಡ ತೆಗೆಸುತ್ತೇನೆ, ಪಿಟ್ಯುಟರಿಗೆ ತೆಳುವಾದ ಕೊರೊನಲ್ (ಮುಖಕ್ಕೆ ಸಮಾನಾಂತರವಾದ) ಸ್ಲೈಸ್ ಬೇಕೇ ಬೇಕು. ಈ ಕಾಯಿಲೆ ವೇಷ ಹಾಕುವುದರಲ್ಲಿ ಗಟ್ಟಿಗ. ಮಿದುಳಿನ ಹೊರಪೊರೆ ಡ್ಯೂರಾದಲ್ಲಿ ಗಡ್ಡೆಯಾದರೆ ಮೆನಿಂಜಿಯೋಮಾ ಎಂಬ ಪೊರೆಯ ಟ್ಯೂಮರ್ ಥರ, ಬಿಳಿ ದ್ರವ್ಯದಲ್ಲಿ ಚುಕ್ಕೆಗಳಾದರೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ) ಥರ ಕಾಣುತ್ತದೆ. ಬೆನ್ನುಹುರಿಗೆ ಇಳಿದರೆ ಅಡ್ಡ ಸ್ಲೈಸ್‌ನಲ್ಲಿ ಕೆಲವರಿಗೆ ಹಿಂಬದಿಯ ಅಂಚು ಮತ್ತು ನಡುವಿನ ಕಾಲುವೆ ಸೇರಿ ಹೊಳೆದು ಥೇಟ್ ತ್ರಿಶೂಲದ ಆಕಾರ ಬರುತ್ತದೆ, ಒಮ್ಮೆ ನೋಡಿದರೆ ಮರೆಯೋಕಾಗಲ್ಲ.

ಆ ಹೆಂಗಸಿಗೆ ಮೂರು ತಿಂಗಳ ಸ್ಟೀರಾಯ್ಡ್ ಆದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದೆವು. ರಾಗಿಕಾಳುಗಳು ಇರಲಿಲ್ಲ, ದಂಟು ತೆಳ್ಳಗಾಗಿತ್ತು. ದಾಹ ಮಾತ್ರ ಹೋಗಿಲ್ಲ. ಆ ಹಾರ್ಮೋನಿನ ಬದಲಿಗೆ ಕೊಡುವ ಡೆಸ್ಮೋಪ್ರೆಸಿನ್ ಮಾತ್ರೆ ಇವತ್ತಿಗೂ ತಗೊಳ್ತಿದ್ದಾರೆ.